ಮನೆಯಂಗಳದಲ್ಲಿ ಜೀಪು ಕಟ್ಟುವವರ ಪರವಾಗಿ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಿಂದ ಹೊರಟು ಸುತ್ತಲಿನ ಗ್ರಾಮಗಳ ನಡುವೆ ಸಂಜೆಯ ಹೊತ್ತಿನಲ್ಲಿ ಸಂಚರಿಸುವವರಿಗೆ, ಯಾವುದಾದರೊಂದು ಮನೆಯ ಹಿತ್ತಲಿನಲ್ಲಿ, ದನದ ಕೊಟ್ಟಿಗೆಗೋ ರೇಷ್ಮೆಹುಳು ಸಾಕುವ ಮನೆಗೋ ತಗುಲಿಸಿ ಇಳಿಸಿದ ತಗಡಿನ ಮಾಡಿನಡಿಯಲ್ಲಿ, ಚಕ್ರಗಳನ್ನು ಕಳಚಿ ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ ಹಳೆಯ ಜೀಪೊಂದು ಗೋಚರಿಸುವುದು ಅಸಂಭವವೇನೂ ಅಲ್ಲ. ಅದರ ಯಜಮಾನನು ಹಗಲೆಲ್ಲ ವಿಮಾನ ನಿಲ್ದಾಣದಲ್ಲಿಯೋ ದ್ರಾಕ್ಷಿಯ ತೋಟದಲ್ಲಿಯೋ ದುಡಿದು ಬಂದು, ರಾತ್ರಿಯ ಊಟಕ್ಕೆ ಮುನ್ನ ದೊರೆಯುವ ಅಲ್ಪ ಬಿಡುವಿನಲ್ಲಿ, ಗಾಡಿಯ ಒಂದೊಂದು ಅಂಗವನ್ನೂ ಬಿಚ್ಚಿ ತೊಳೆದು, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸುತ್ತಿರುತ್ತಾನೆ. ನೆರೆಯವರ ದೃಷ್ಟಿಗೆ ಅದು ಗುಜರಿ. ಕಡತಗಳ ದೃಷ್ಟಿಗೆ ಅವಧಿ ಮೀರಿದ ವಾಹನ. ಈ ಎರಡು ದೃಷ್ಟಿಗಳೂ ಆ ಮನುಷ್ಯನ ಪರಿಶ್ರಮಕ್ಕೆ ಅನ್ಯಾಯವೆಸಗುತ್ತಿವೆಯೆಂದೂ, ಹಳೆಯ ವಾಹನವನ್ನು ಕ್ರಮವರಿತು ಮರಳಿ ಕಟ್ಟುವವನಿಗೆ ನಮ್ಮ ಕಾನೂನಿನಲ್ಲಿ ಗೌರವದ ಸ್ಥಾನವೊಂದು ಇರತಕ್ಕದ್ದೆಂದೂ ನಾನು ದೃಢವಾಗಿ ನಂಬಿದ್ದೇನೆ.

ಈ ಜೀಪಿನ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. 1941ರಿಂದ 1945ರವರೆಗೆ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ನಿರ್ಮಿಸಿದ, ಅರುವತ್ತು ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ನಿನ ಗಾಡಿಯೇ ಅದರ ಮೂಲಪುರುಷ. ಯುದ್ಧಾನಂತರ, 1947ರಿಂದ, ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯು ಅದನ್ನು ಜೋಡಿಸಲಾರಂಭಿಸಿ, ಕಾಲಕ್ರಮದಲ್ಲಿ ಇಲ್ಲಿಯೇ ತಯಾರಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ, ಆಮೇಲೆ ಡೀಸೆಲ್ ಇಂಜಿನ್ನಿನ ಎಂಎಂ-540 ಮೊದಲಾದುವು ತಾಲ್ಲೂಕು ಕಚೇರಿಗಳಲ್ಲಿಯೂ ಪೊಲೀಸ್ ಠಾಣೆಗಳಲ್ಲಿಯೂ ಎಷ್ಟೋ ವರ್ಷ ಸೇವೆ ಸಲ್ಲಿಸಿ, ಕಡೆಗೆ ಹರಾಜಿನ ಮೂಲಕ ರೈತರ ಅಂಗಳ ಸೇರಿದುವು. ಜಬಲ್ಪುರದ ಕಾರ್ಖಾನೆಯಲ್ಲಿ ಸೈನ್ಯಕ್ಕೆಂದು ನಿರ್ಮಿತವಾದ, ಜೋಂಗಾ ಎಂದು ಹೆಸರಾದ ನಿಸ್ಸಾನ್ ಮೂಲದ ಗಾಡಿಗಳು ಬಂದುದೂ ಇದೇ ಹರಾಜಿನ ದಾರಿಯಿಂದ.

ಇಂತಹ ಗಾಡಿಯನ್ನು ಮನೆಯಲ್ಲಿಯೇ ಕಟ್ಟಲು ಸಾಧ್ಯವಾಗುವುದು ಅದರ ರಚನೆಯ ಪ್ರಾಮಾಣಿಕತೆಯಿಂದ. ಏಣಿಯಾಕಾರದ ಷಾಸಿ, ಅದರ ಕೆಳಗೆ ಪಟ್ಟಿಯ ಸ್ಪ್ರಿಂಗುಗಳಿಗೆ ಬಿಗಿದ ಎರಡು ಆಕ್ಸಲ್ಲುಗಳು, ಮೇಲೆ ಬೋಲ್ಟುಗಳಿಂದ ಕೂರಿಸಿದ ತಗಡಿನ ಬಾಡಿ. ಸ್ಪ್ಯಾನರಿಗೆ ನಿಲುಕದುದು ಅದರಲ್ಲಿ ಬಹಳ ಕಡಿಮೆ. ಗೇರ್‌ಬಾಕ್ಸಿನ ಹಿಂಬದಿಗೆ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಸಣ್ಣ ಪೆಟ್ಟಿಗೆಯು ಇಂಜಿನ್ನಿನ ಬಲವನ್ನು ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಹಂಚುತ್ತದೆ. ಎರಡು ಆಕ್ಸಲ್ಲುಗಳ ನಡುವೆ ವೇಗದ ವ್ಯತ್ಯಾಸಕ್ಕೆ ಎಡೆಗೊಡುವ ಡಿಫರೆನ್ಷಿಯಲ್ ಇಲ್ಲವಾದುದರಿಂದ, ನಾಲ್ಕು ಚಕ್ರಗಳಿಗೂ ಬಲ ಕೊಟ್ಟು ಒಣ ಟಾರು ರಸ್ತೆಯಲ್ಲಿ ತಿರುವು ತೆಗೆದುಕೊಂಡರೆ, ಮುಂದಿನ ಚಕ್ರಗಳು ಕ್ರಮಿಸಬೇಕಾದ ದೂರಕ್ಕೂ ಹಿಂದಿನವುಗಳ ದೂರಕ್ಕೂ ಇರುವ ವ್ಯತ್ಯಾಸವು ಎಲ್ಲಿಯೂ ಪರಿಹಾರವಾಗದೆ, ಟೈರು ಸವೆಯುವುದಲ್ಲದೆ ಗೇರುಗಳೂ ಒತ್ತಡಕ್ಕೆ ಸಿಲುಕುತ್ತವೆ. ಕೆರೆಯಂಗಳದ ಜಿಗುಟು ಮಣ್ಣಿನಲ್ಲಾದರೆ ಚಕ್ರಗಳು ಕಿಂಚಿತ್ತು ಜಾರಿ ಆ ವ್ಯತ್ಯಾಸವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಆ ಪೆಟ್ಟಿಗೆಯನ್ನು ಸ್ವಹಸ್ತದಿಂದ ಬಿಚ್ಚಿ ನೋಡಿದ ಬಾಲಕನಿಗೆ ಇದನ್ನು ಮತ್ತೊಬ್ಬರು ವಿವರಿಸಬೇಕಾಗಿಲ್ಲ. ನಮ್ಮ ಶಾಲೆಗಳಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಅಳಿಸುವ ಯಂತ್ರಶಾಸ್ತ್ರಕ್ಕಿಂತ ಈ ಪಾಠ ಬಹುಕಾಲ ಬಾಳುವಂತಹುದು.

ಕೆಲಸದ ಕಠಿನ ಭಾಗವು ಬಿಚ್ಚುವುದರಲ್ಲಿಲ್ಲ, ಅಳೆಯುವುದರಲ್ಲಿದೆ. ಒಂದೊಂದು ಆಕ್ಸಲ್ಲಿನೊಳಗೂ ಇರುವ ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಒಂದರ ಗುರುತು ಇನ್ನೊಂದರ ಮೇಲೆ ಎಲ್ಲಿ ಬಿದ್ದಿದೆಯೆಂದು ಪರೀಕ್ಷಿಸಿ, ಕಾಗದದಷ್ಟು ತೆಳುವಾದ ಷಿಮ್ಮುಗಳನ್ನು ಸೇರಿಸುತ್ತಲೋ ತೆಗೆಯುತ್ತಲೋ ಸರಿಯಾದ ಸ್ಥಾನಕ್ಕೆ ತರುವ ಕಾರ್ಯದಲ್ಲಿ ಅವಸರಕ್ಕೆ ಅವಕಾಶವೇ ಇಲ್ಲ. ಓಟದಲ್ಲಿ ಒಮ್ಮೆಲೇ ಸ್ಟೇರಿಂಗು ಅದುರಿ ಕೈಯಿಂದ ಕಿತ್ತುಕೊಳ್ಳುವಂತಾಗುವ ದೋಷಕ್ಕೆ ಅನೇಕ ವೇಳೆ ಕಾರಣವಾಗತಕ್ಕವು ಮುಂದಿನ ಚಕ್ರಗಳ ಬಳಿ ಸವೆದುಹೋದ ಕಿಂಗ್‌ಪಿನ್ನಿನ ಬೇರಿಂಗುಗಳು. ಅವನ್ನು ಬದಲಿಸಿ ಬಿಗಿತವನ್ನು ನಿಗದಿಪಡಿಸದೆ, ಹೊರಗಿನಿಂದ ಎಷ್ಟು ಬಣ್ಣ ಬಳಿದರೂ ಅದು ಕಟ್ಟಿದ ಗಾಡಿಯಲ್ಲ. ಸಿಲಿಂಡರು ಬೋರ್ ಮಾಡಿಸುವುದಕ್ಕೆ ಲೇತಿನವರ ಅಂಗಡಿಗೂ, ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿಗೂ ಹೋಗಲೇಬೇಕು. ಆದರೆ ತುಕ್ಕು ಹಿಡಿದ ಸಣ್ಣಪುಟ್ಟ ಬೋಲ್ಟುಗಳನ್ನು ಹುಣಸೆಯ ಹುಳಿನೀರಿನಲ್ಲಿ ನೆನೆಯಿಟ್ಟು ಉಜ್ಜಿ, ತೊಳೆದು ಎಣ್ಣೆ ಸವರುವುದಕ್ಕೆ ಹುಣಸೆಯ ತೋಪಿಗೇ ಹೆಸರಾದ ನಲ್ಲೂರಿನವರು ಎಲ್ಲಿಗೂ ಹೋಗಬೇಕಾಗಿಲ್ಲ. ಹಿತ್ತಾಳೆಯ ಪಾತ್ರೆಯನ್ನು ಬೆಳಗುವ ಆ ಆಮ್ಲವೇ ಕಬ್ಬಿಣದ ತುಕ್ಕನ್ನೂ ಸಡಿಲಿಸುತ್ತದೆ.

ಹಾಳಾದುದನ್ನು ಮರಳಿ ಕಟ್ಟುವುದು ಕೇವಲ ಹವ್ಯಾಸವೆಂದು ಭಾವಿಸುವವರು ನಮ್ಮ ರಾಜ್ಯದ ಚರಿತ್ರೆಯ ಒಂದು ಉಜ್ಜ್ವಲ ಅಧ್ಯಾಯವನ್ನು ಸ್ಮರಿಸಿಕೊಳ್ಳಬೇಕು. ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ತೊರೆದುಹೋದ, ಮತ್ತೆ ಹಾರದಿರಲೆಂದು ಬೇಕೆಂದೇ ಕೆಡಿಸಿದ್ದ ಲಿಬರೇಟರ್ ಎಂಬ ಬಾಂಬರ್ ವಿಮಾನಗಳನ್ನು, ಅಂದಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯವರು ಹಾರುವ ಮಟ್ಟಿಗೆ ಸಜ್ಜುಗೊಳಿಸಿ, ಬೆಂಗಳೂರಿಗೆ ತಂದು ಪೂರ್ಣವಾಗಿ ನವೀಕರಿಸಿದರು. 1948ರಲ್ಲಿ ವಾಯುಸೇನೆಯ 5ನೆಯ ಸ್ಕ್ವಾಡ್ರನ್ ಅವುಗಳಿಂದಲೇ ರೂಪುಗೊಂಡಿತು. 1968ರವರೆಗೂ ಆ ವಿಮಾನಗಳು ಸೇವೆಯಲ್ಲಿದ್ದುವು. ಹೊಸತನ್ನು ಕೊಳ್ಳಲು ಹಣವಿಲ್ಲದ ಕಾಲದಲ್ಲಿ, ಗುಜರಿಯೆಂದು ಎಣಿಸಲಾಗಿದ್ದ ಲೋಹದಿಂದ ಒಂದು ಸೇನಾಬಲವನ್ನೇ ನಿರ್ಮಿಸಿದ ಕೈಗಳು ಈ ನಾಡಿನವು. ದೇವನಹಳ್ಳಿಗೆ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಲು ಹೆಣಗಿದುದೂ, ಅಂದು ಆಳುತ್ತಿದ್ದ ಬ್ರಿಟಿಷ್ ಸರ್ಕಾರದ ಅಸಮ್ಮತಿಯಿಂದ ಅದು ಕೈಗೂಡದೆ ಹೋದುದೂ ಆ ಯುದ್ಧದ ಆರಂಭದ ಆಸುಪಾಸಿನ ವರ್ಷಗಳಲ್ಲಿಯೇ. ಯಂತ್ರವಿದ್ಯೆಯು ಕಾರ್ಖಾನೆಯ ಗೋಡೆಗಳೊಳಗೆ ಮಾತ್ರವಲ್ಲದೆ ಮನೆಯ ಅಂಗಳದಲ್ಲಿಯೂ ಬೇರುಬಿಡಬೇಕೆಂಬುದು ನನ್ನ ಹಂಬಲ.

ಇನ್ನು ಕಾನೂನಿನ ವಿಚಾರ. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಇದು ನ್ಯಾಯವೇ. ಆದರೆ ಕಾರು, ಜೀಪುಗಳ ನವೀಕರಣಕ್ಕೆ 600 ರೂಪಾಯಿಗಳಿದ್ದ ಶುಲ್ಕವು 2022ರ ಏಪ್ರಿಲಿನಿಂದ 5,000ಕ್ಕೂ, 20 ವರ್ಷ ಮೀರಿದವುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೂ ಏರಿತು. ಬ್ರೇಕು ಹಿಡಿಯದ ಗಾಡಿಗೂ, ಹೊಸದರಂತೆ ಕಟ್ಟಿ ತಂದ ಗಾಡಿಗೂ ಶುಲ್ಕ ಒಂದೇ. ಇನ್ನೊಂದು ಬಾಗಿಲೆಂದರೆ 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮ: 50 ವರ್ಷ ಮೀರಿ, ಮೂಲರೂಪದಲ್ಲಿಯೇ ಉಳಿದಿರುವ ವಾಹನಕ್ಕೆ 20,000 ರೂಪಾಯಿ ಶುಲ್ಕದ ಮೇಲೆ ಹತ್ತು ವರ್ಷಗಳ ವಿಶೇಷ ನೋಂದಣಿ. ಅದನ್ನು ಪ್ರದರ್ಶನಕ್ಕೋ ರ್‍ಯಾಲಿಗೋ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿರುವಂತಹ ಕಾರುಗಳಿಗೆ ಇದು ಯುಕ್ತವಾದ ನಿಯಮವೇ ಸರಿ. ತಿಂಗಳಲ್ಲಿ ಕೆಲವು ದಿನ ತೋಟಕ್ಕೆ ಗೊಬ್ಬರ ಹೊತ್ತು, ಹಬ್ಬಕ್ಕೆ ಮನೆಮಂದಿಯನ್ನು ನೆಂಟರೂರಿಗೆ ಕರೆದೊಯ್ಯುವ, ಮೂವತ್ತೋ ನಲವತ್ತೋ ವರ್ಷದ ಜೀಪಿಗೆ ಇದರಲ್ಲಿ ಎಡೆಯಿಲ್ಲ.

ಎದುರು ಪಕ್ಷದವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಹಳೆಯ ಡೀಸೆಲ್ ಇಂಜಿನ್ನು ಇಂದಿನವುಗಳಿಗಿಂತ ಹೆಚ್ಚು ಹೊಗೆಯುಗುಳುತ್ತದೆ. ಅದರಲ್ಲಿ ಏರ್‌ಬ್ಯಾಗಿಲ್ಲ, ಅನೇಕ ಗಾಡಿಗಳಲ್ಲಿ ಸೀಟು ಬೆಲ್ಟೂ ಇಲ್ಲ. ಮನಸ್ಸಿಗೆ ತೋರಿದಂತೆ ಷಾಸಿಯನ್ನು ಕತ್ತರಿಸಿ, ದೈತ್ಯ ಟೈರುಗಳನ್ನು ತೊಡಿಸಿ, ಎಲ್ಲಿಯದೋ ಇಂಜಿನ್ನನ್ನು ಎಲ್ಲಿಗೋ ಕೂರಿಸಿ ಹೆದ್ದಾರಿಗೆ ಇಳಿಯುವವರೂ ಇದ್ದಾರೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದುದು ಇಂತಹವರ ಮಟ್ಟಿಗೆ ಸರ್ವಥಾ ಉಚಿತ. ಆದರೆ ನಾನು ಯಾರ ಪರವಾಗಿ ಬರೆಯುತ್ತಿದ್ದೇನೆಯೋ ಆತನು ಗಾಡಿಯನ್ನು ಅದರ ಮೂಲ ಅಳತೆಗೇ ಹಿಂತಿರುಗಿಸುತ್ತಿದ್ದಾನೆ. ಆತನ ಜೀಪು ಹೊಗೆಯ ಪರೀಕ್ಷೆಯಲ್ಲಿ ಸೋತರೆ ರಸ್ತೆಗೆ ಬರಬಾರದೆಂಬುದನ್ನು ಮೊದಲು ಒಪ್ಪತಕ್ಕವನೂ ಆತನೇ. ಪಂಚಾಂಗದ ಪುಟಗಳನ್ನು ನೋಡಿ ಯಂತ್ರದ ಯೋಗ್ಯತೆಯನ್ನು ನಿರ್ಣಯಿಸುವುದಕ್ಕೆ ಮಾತ್ರ ನನ್ನ ವಿರೋಧ.

ಪ್ರಾಚೀನವಾದುದನ್ನು ಕಾಪಾಡುವುದರಲ್ಲಿ ನಮ್ಮ ನಲ್ಲೂರು ದೇಶಕ್ಕೇ ಮಾದರಿಯಾಯಿತೆಂಬುದನ್ನು ಇಲ್ಲಿ ನೆನೆಯದೆ ಇರಲಾರೆ. ಸುಮಾರು 54 ಎಕರೆಗಳಲ್ಲಿ ಹರಡಿರುವ ನಲ್ಲೂರಿನ ಹುಣಸೆಯ ತೋಪು 2007ರಲ್ಲಿ ಭಾರತದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಲ್ಲಿನ ಎಷ್ಟೋ ಮರಗಳ ಕಾಂಡ ಟೊಳ್ಳಾಗಿದ್ದರೂ ಚಿಗುರು ನಿಂತಿಲ್ಲ, ಕಾಯಿ ಬಿಡುವುದೂ ನಿಂತಿಲ್ಲ. ಅವುಗಳ ವಯಸ್ಸನ್ನು ಮಾತ್ರ ಎಣಿಸಿದ್ದರೆ ಎಂದೋ ಕೊಡಲಿಗೆ ಈಡಾಗುತ್ತಿದ್ದುವು. ಜೀವವಿದೆಯೆಂದು ಪರೀಕ್ಷಿಸಿ ನೋಡಿದವರಿದ್ದುದರಿಂದ ಉಳಿದುವು. ಹಾಗೆಯೇ, ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗಳ ಭೂಸ್ವಾಧೀನವನ್ನು ಸರ್ಕಾರವು 2025ರ ಜುಲೈಯಲ್ಲಿ ಕೈಬಿಟ್ಟಿತು. ಭೂಮಿ ಉಳಿದಿರುವಾಗ, ಮಳೆಗಾಲದಲ್ಲಿ ಹೊಲದ ಬದುವಿನವರೆಗೆ ಹೋಗಬಲ್ಲ ಗಾಡಿಯೂ ಉಳಿಯಬೇಡವೆ?

ಆದುದರಿಂದ ಸಾರಿಗೆ ಇಲಾಖೆಯವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಕೆಎ-43 ಎಂಬ ಗುರುತಿನ ನಮ್ಮ ದೇವನಹಳ್ಳಿಯ ಕಚೇರಿಯಲ್ಲಿ ತಿಂಗಳಿಗೆ ಒಂದು ದಿನವನ್ನು, ಮನೆಯಲ್ಲಿ ಮರುಕಟ್ಟಿದ ವಾಹನಗಳ ತಪಾಸಣೆಗೆ ಮೀಸಲಿಡಲಿ. ಆರ್‌ಸಿ ಪುಸ್ತಕದಲ್ಲಿರುವ ಷಾಸಿ ಮತ್ತು ಇಂಜಿನ್ ಸಂಖ್ಯೆಗಳನ್ನು ಮೊದಲು ತಾಳೆ ನೋಡಿ, ಬ್ರೇಕು, ಸ್ಟೇರಿಂಗು, ದೀಪ, ಹೊಗೆ, ವೆಲ್ಡಿಂಗಿನ ಜೋಡಣೆ ಇವನ್ನು ಲವಲೇಶವೂ ಸಡಿಲಿಕೆಯಿಲ್ಲದೆ ಪರೀಕ್ಷಿಸಲಿ. ಉತ್ತೀರ್ಣವಾದುದಕ್ಕೆ ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರು ಓಡಬಹುದೆಂಬ ಮಿತಿಯ ಮೇಲೆ, ಹಿಂದಿನ 600 ರೂಪಾಯಿಗಳ ಶುಲ್ಕಕ್ಕೇ ನೋಂದಣಿ ದೊರೆಯಲಿ. ಆಗದುದಕ್ಕೆ ದೋಷಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಟ್ಟು, ಸರಿಪಡಿಸಿ ತರಲು ಕಾಲಾವಕಾಶ ಕೊಡಲಿ. ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಆರಂಭಿಸಿದ ವ್ಯವಸ್ಥೆಯೊಳಗೆ ಮೋಟಾರು ವಾಹನಗಳೂ ಸೇರಿರುವುದರಿಂದ, ಹಳೆಯ ಮಾದರಿಗಳ ದುರಸ್ತಿ ಕೈಪಿಡಿಗಳನ್ನು ತಯಾರಕರು ಅದರ ಮೂಲಕ ಕನ್ನಡದಲ್ಲಿಯೂ ಒದಗಿಸುವಂತೆ ರಾಜ್ಯವು ಒತ್ತಾಯಿಸಲಿ. ಜೊತೆಗೆ, ಸರ್ಕಾರಿ ಐಟಿಐಗಳಲ್ಲಿ ಭಾನುವಾರ ಬೀಗ ಹಾಕಿರುವ ಲೇತು, ಡ್ರಿಲ್ಲಿಂಗ್ ಯಂತ್ರಗಳನ್ನು ಒಬ್ಬ ಬೋಧಕರ ಮೇಲ್ವಿಚಾರಣೆಯಲ್ಲಿ, ಅಲ್ಪ ಬಾಡಿಗೆಗೆ, ಮನೆಯಲ್ಲಿ ಗಾಡಿ ಕಟ್ಟುವವರ ಉಪಯೋಗಕ್ಕೆ ತೆರೆದಿಡಲಿ.