ಬೀಜಕ್ಕೆ ಎರಡು ಗಿಡ ಸಾಲದು, ನೂರು ಗಿಡ ಬೇಕು

ತೋಟಗಾರಿಕೆ ಓದು ಮುಗಿಸಿ ಊರಿಗೆ ಬಂದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ಬ್ಯಾಡಗಿ ಹತ್ತಿರದ ನಮ್ಮ ಹೊಲದಲ್ಲಿ ಎರಡು ಡಬ್ಬಿ ಮೆಣಸಿನಕಾಯಿ ಗಿಡ ಭಾರೀ ಚಲೋ ಬಂದಿದ್ದವು. ಮೈತುಂಬ ಕಾಯಿ, ಒಳ್ಳೇ ಸುಕ್ಕು, ಗಾಢ ಕೆಂಪು ಬಣ್ಣ. ಆ ಎರಡೇ ಗಿಡದ ಹಣ್ಣು ಬೀಜಕ್ಕೆ ತೆಗೆದಿಟ್ಟೆ.

"ಎರಡ ಗಿಡದ್ದ ಯಾಕ ತಗೀತಿಯೋ? ಹೊಲ ತುಂಬಾ ಅಡ್ಡಾಡಿ ತಗಿ" ಅಂದರು ಅಪ್ಪ.

"ಇದಕ್ಕ ಸೆಲೆಕ್ಷನ್ ಅಂತಾರ, ನೀವು ಸುಮ್ನಿರ್ರಿ" ಅಂದೆ.

ಮುಂದಿನ ಎರಡು ವರ್ಷವೂ ಹಾಗೇ ಮಾಡಿದೆ. ಹೊಲ ನೋಡೋಕೆ ಚೆಂದ ಇತ್ತು, ಎಲ್ಲಾ ಗಿಡ ಒಂದೇ ಅಳತೆ. ಆಮೇಲೆ ಮುಟುರು ರೋಗ ಬಂತು. ಮೊದಲೆಲ್ಲ ರೋಗ ಬಿದ್ದರೂ ಅಲ್ಲೊಂದು ಇಲ್ಲೊಂದು ಗಿಡ ತಡ್ಕೊಂಡು ನಿಲ್ಲುತ್ತಿತ್ತು. ಆ ವರ್ಷ ಅಂಥ ಗಿಡ ಹುಡುಕಿದರೂ ಸಿಗಲಿಲ್ಲ. ಬೀಜ ಒಂದೇ ಕಾರಣ ಅಂತ ನಾನು ಹೇಳಂಗಿಲ್ಲ, ನುಸಿ, ಥ್ರಿಪ್ಸ್, ಬಿಸಿಲು ಎಲ್ಲಾ ಕೂಡಿತ್ತು. ಆದರೆ ತಡ್ಕೊಳ್ಳೋ ಗಿಡ ಇರೋ ಸಾಧ್ಯತೆಯನ್ನೇ ನಾನು ಕೈಯಾರೆ ಕಡಿಮೆ ಮಾಡಿದ್ದೆ.

ಕಾಲೇಜಿನಲ್ಲಿ ಪಾಪ್ಯುಲೇಶನ್ ಜೆನೆಟಿಕ್ಸ್ ಅಂತ ಒಂದು ವಿಷಯ ಇತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಒಂದು ಗಿಡದ ಗುಣ ಅಲ್ಲ, ಇಡೀ ಹಿಂಡಿನಲ್ಲಿ ಎಷ್ಟು ಬಗೆಯ ಗುಣ ಉಳಿದಾವೆ ಅಂತ ಲೆಕ್ಕ ಹಾಕೋ ಶಾಸ್ತ್ರ ಅದು. ಅದರ ಒಂದು ಸರಳ ಲೆಕ್ಕ ಹೀಗಿದೆ: ಬೀಜಕ್ಕೆ ಬಿಟ್ಟ ತಾಯಿಗಿಡಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸ್ರಿ. ಪ್ರತಿ ತಲೆಮಾರಿಗೆ ಸುಮಾರು ಅಷ್ಟು ಪಾಲು ವೈವಿಧ್ಯ ಹೋಗುತ್ತದೆ. 2 ಗಿಡ ಇಟ್ಟರೆ ವರ್ಷಕ್ಕೆ ಶೇ. 25. 5 ಗಿಡ ಇಟ್ಟರೆ ಶೇ. 10, ಐದು ವರ್ಷಕ್ಕೆ ಶೇ. 40ರಷ್ಟು ಖಾಲಿ. 100 ಗಿಡ ಇಟ್ಟರೆ ವರ್ಷಕ್ಕೆ ಶೇ. ಅರ್ಧ ಮಾತ್ರ. ಮೆಣಸಿನಕಾಯಿ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಬೆಳೆಯೂ ಹೌದು, ಹಾಗಾಗಿ ನಷ್ಟ ಇದಕ್ಕಿಂತ ಜಾಸ್ತಿನೇ ಇರುತ್ತದೆ.

ಇಲ್ಲೇ ನಾವು ಮೋಸ ಹೋಗೋದು. ಒಂದು ಹಣ್ಣಿನಲ್ಲೇ ಹತ್ತಾರು ಬೀಜ. ಎರಡು-ಮೂರು ಒಳ್ಳೇ ಗಿಡದ ಹಣ್ಣು ಸಿಕ್ಕರೆ ಎಕರೆಗೆ ಸಾಕಾಗುತ್ತದೆ. ಡಬ್ಬಿ ತುಂಬ ಬೀಜ ಇದ್ದರೂ ಅದರ ತಾಯಂದಿರು ಎರಡೇ ಇರಬಹುದು.

ಮೆಣಸಿನಕಾಯಿ ಮೊದಲೇ ಹೀಗೆ ಸೋಸಿ ಬಂದ ಬೆಳೆ. ಹುಟ್ಟಿದ್ದು ಮೆಕ್ಸಿಕೋ ಕಡೆ, ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ಹಡಗಿನಲ್ಲಿ ಬಂದದ್ದು ಅಲ್ಲಿದ್ದ ವೈವಿಧ್ಯದ ಒಂದು ಚೂರು. ಆ ಚೂರಿನಿಂದಲೇ ನಮ್ಮ ಹಿರಿಯರು ಖಾರ ಕಮ್ಮಿ, ಬಣ್ಣ ಜಾಸ್ತಿ ಇರುವ ಡಬ್ಬಿ, ಕಡ್ಡಿ ಎರಡನ್ನೂ ತಲೆಮಾರುಗಟ್ಟಲೆ ಆರಿಸಿ ಮಾಡಿದರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಸಿಕ್ಕಿತು. ಜಿಐ ಹೆಸರನ್ನು ಕಾಯುತ್ತದೆ, ಬೀಜವನ್ನು ಕಾಯೋರು ನಾವೇ.

ಹಿಂಡು ಸಣ್ಣದಾದರೆ ಏನಾಗುತ್ತದೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗ ಸಾವಿರಗಟ್ಟಲೆ ಅದಾವೆ, ಅಕ್ಕಪಕ್ಕದ ರೈತರಿಗೆ ಅವುಗಳ ಕಾಟ ಗೊತ್ತು. ಅದೇ ಕಾಡಿನಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಇತ್ತು. ಈಗ ದೇಶದಲ್ಲೇ ಬೆರಳೆಣಿಕೆಯಷ್ಟು ಉಳಿದಾವೆ. ಅಷ್ಟು ಸಣ್ಣ ಹಿಂಡಿನಲ್ಲಿ ಸಂಬಂಧದೊಳಗೇ ಕೂಡುವುದು ತಪ್ಪದು, ಅಡಗಿದ್ದ ದೋಷ ಹೊರಗೆ ಬರುತ್ತದೆ. ಮನುಷ್ಯರಿಗೂ ಇದೇ ಲೆಕ್ಕ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ, ಒಂದೇ ಹಿರಿಯರ ಒಂದೇ ವಂಶವಾಹಿ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಎಂಟರಲ್ಲಿ ಒಂದು. ಥಲಸ್ಸೀಮಿಯಾದಂಥ ಕಾಯಿಲೆ ಕಾಣಿಸಿಕೊಳ್ಳೋದು ಹೀಗೆ ಎರಡೂ ಕಡೆಯಿಂದ ದೋಷ ಬಂದಾಗ. ಮದುವೆ ವಿಷಯದಲ್ಲಿ ಡಾಕ್ಟರನ್ನು ಕೇಳ್ರಿ ಅನ್ನೋ ನಾವು, ಬೀಜದ ವಿಷಯದಲ್ಲಿ ಅದನ್ನೇ ಮರೀತೀವಿ.

"ಹೈಬ್ರಿಡ್ ತಂದ್ರ ಇಷ್ಟೆಲ್ಲಾ ಯಾಕ ಬೇಕು?" ಅಂತ ಕೆಲವರು ಕೇಳ್ತೀರಿ. ನಾನು ಹೈಬ್ರಿಡ್ ವಿರೋಧಿ ಅಲ್ಲ. ರಾಣೆಬೆನ್ನೂರು ಸುತ್ತಮುತ್ತ ಎಷ್ಟೋ ಮನೆಗಳು ಕಂಪನಿಗೆ ಬೀಜೋತ್ಪಾದನೆ ಮಾಡಿಯೇ ಬದುಕ್ಯಾವೆ. ಆದರೆ ಪ್ಯಾಕೆಟ್‌ನ ಎಲ್ಲಾ ಗಿಡ ಒಂದೇ ಜೋಡಿಯ ಮಕ್ಕಳು. 1970ರಲ್ಲಿ ಅಮೆರಿಕದ ಗೋವಿನಜೋಳದಲ್ಲಿ ಬಹುಪಾಲು ಹೈಬ್ರಿಡ್‌ಗಳಿಗೆ ಒಂದೇ ತಾಯಿ ಮೂಲ ಇತ್ತು. ಎಲೆ ಅಂಗಮಾರಿ ಬಂದು ಸುಮಾರು ಶೇ. 15 ಬೆಳೆ ಹೋಯಿತು. ಮುಂದೆ ಹೊಸ ಹೈಬ್ರಿಡ್ ಮಾಡಬೇಕಂದರೂ ಕಂಪನಿಯವರಿಗೆ ಜವಾರಿ ತಳಿಯ ಗುಣವೇ ಬೇಕು.

"ಮಾರುಕಟ್ಟೆಗೆ ಒಂದೇ ನಮೂನಿ ಮಾಲು ಬೇಕಲ್ರಿ" ಅನ್ನೋದೂ ನಿಜ. ಅದಕ್ಕೆ ನನ್ನ ಉತ್ತರ: ಕೆಟ್ಟ ಗಿಡ ತೆಗೀರಿ, ಆದರೆ ಒಂದೇ ಗಿಡವನ್ನು ರಾಜ ಮಾಡಬ್ಯಾಡ್ರಿ. ಸುಕ್ಕು, ಬಣ್ಣ, ಆಕಾರ ಡಬ್ಬಿಯದೇ ಇರಲಿ. ರೋಗ ತಡೆಯೋ ಶಕ್ತಿ, ಹೂ ಬಿಡೋ ದಿನ, ಬರಕ್ಕೆ ಬಾಡದಿರೋ ಗುಣದಲ್ಲಿ ವ್ಯತ್ಯಾಸ ಇರಲಿ.

ಈಗ ನಾನು ಮಾಡೋದು ಇಷ್ಟು. ಹಳೇ ಸೀರೆ ಹರಿದು ನೂರಿಪ್ಪತ್ತು ಚಿಂದಿ ಮಾಡ್ಕೊಂಡು, ಕಾಯಿ ಹಣ್ಣಾಗೋ ಮುಂಚೆಯೇ ಹೊಲ ತುಂಬಾ ಅಡ್ಡಾಡಿ ಚಲೋ ಗಿಡಕ್ಕೆಲ್ಲ ಕಟ್ಟುತ್ತೇನೆ. ನಡುವೆ ರೋಗ ಬಂದ ಗಿಡದ ಚಿಂದಿ ಬಿಚ್ಚುತ್ತೇನೆ. ಸುತ್ತಲಿನ ಹೊಲದಲ್ಲಿ ಹೈಬ್ರಿಡ್ ಇದ್ದರೆ ಬದುವಿನ ಸಾಲು ಬಿಟ್ಟು ನಡುಹೊಲದ ಗಿಡವನ್ನೇ ಆರಿಸುತ್ತೇನೆ, ಯಾಕಂದರೆ ಜೇನ್ನೊಣ ಪರಾಗ ತರುತ್ತದೆ. ಪ್ರಮಾಣಿತ ಬೀಜಕ್ಕೆ 200 ಮೀಟರ್ ಅಂತರ ಕೇಳುತ್ತಾರೆ. ಸಣ್ಣ ಹಿಡುವಳಿಯವರು ಪಕ್ಕದ ಹೊಲದವರ ಜೊತೆ ಮಾತಾಡಿಕೊಂಡರೆ ಅದಕ್ಕೆ ಹತ್ತಿರ ಹೋಗಬಹುದು. ಪ್ರತಿ ಗಿಡದಿಂದ ಎರಡು-ಮೂರೇ ಹಣ್ಣು, ಎಲ್ಲಾ ಗಿಡದಿಂದ ಸಮನಾಗಿ. ನೆರಳಲ್ಲಿ ಒಣಗಿಸಿ, ಅರ್ಧ ಬಿತ್ತನೆಗೆ, ಅರ್ಧ ಆಪತ್ತಿಗೆ. ಎರಡು-ಮೂರು ವರ್ಷಕ್ಕೊಮ್ಮೆ ಬೇರೆ ಊರಿನ ಜವಾರಿ ಡಬ್ಬಿ ಬೆಳೆಗಾರರ ಜೊತೆ ಒಂದು ಹಿಡಿ ಬೀಜ ಬದಲಿ ಮಾಡ್ಕೊಳ್ಳುತ್ತೇನೆ.

ಇಡೀ ಹೊಲದಲ್ಲಿ ಜವಾರಿ ಹಾಕ್ರಿ ಅಂತ ನಾನು ಹೇಳೋದಿಲ್ಲ, ಸಾಲದ ಲೆಕ್ಕ ನನಗೂ ಗೊತ್ತು. ನಾಲ್ಕು ಗುಂಟೆ ಸಾಕು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ ಊರಿಗೆ ಐದು ಹುಡುಗರು ನಾಲ್ಕು ಗುಂಟೆ ಹಿಡಿದರೂ ಅದು ಯಾವ ಶೈತ್ಯಾಗಾರಕ್ಕೂ ಕಮ್ಮಿ ಇಲ್ಲದ ಬೀಜ ಭಂಡಾರ.

ಅಪ್ಪ ಈಗಲೂ ಚಿಂದಿ ಕಟ್ಟೋಕೆ ನನ್ನ ಜೊತೆ ಬರುತ್ತಾರೆ. ನಾನು ಸಾಲು ಹಿಡಿದು ಹೋದರೆ ಅವರು ಅಡ್ಡ ಹಾಯ್ದು ಹೋಗುತ್ತಾರೆ. ನನ್ನ ಕಣ್ಣಿಗೆ ಬೀಳದ ಗಿಡ ಅವರ ಕಣ್ಣಿಗೆ ಬೀಳುತ್ತಾವೆ. ಈ ಸಲ ನಿಮ್ಮ ಮನೆಯ ಹಿರಿಯರನ್ನೂ ಕರ್ಕೊಂಡು ಹೋಗ್ರಿ.