ಮಾರ್ಮನ್ ತರುಣರ ಪರದೇಶವ್ರತ

ಶಿಸ್ತಿನ ಸ್ತುತಿಯು ನಮ್ಮ ವಿದ್ಯಾವಂತರ ಬಾಯಲ್ಲಿ ಬಹು ಸುಲಭವಾಗಿ ಹೊರಡುವ ಮಾತು. ಬಿಳಿಯ ಅಂಗಿ ತೊಟ್ಟು, ಎದೆಯ ಮೇಲೊಂದು ಕರಿಯ ಹೆಸರುಪಟ್ಟಿ ಧರಿಸಿ, ಪರದೇಶದ ಬೀದಿಗಳಲ್ಲಿ ಇಬ್ಬಿಬ್ಬರಾಗಿ ನಡೆಯುವ ಮಾರ್ಮನ್ ತರುಣರನ್ನು ಕಂಡವರು, “ಹದಿನೆಂಟರ ಹುಡುಗರಲ್ಲಿ ಎಂತಹ ನಿಷ್ಠೆ! ನಮ್ಮ ಹುಡುಗರಿಗೂ ಇಂತಹದೊಂದು ವ್ರತ ಬೇಕು” ಎಂದು ನಿಟ್ಟುಸಿರಿಡುವರು. ಮತ್ತೆ ಕೆಲವರು ಅವರ ನೆರಳು ಬಿದ್ದರೂ ಭೂತವನ್ನು ಕಂಡಂತೆ ಬೆಚ್ಚುವರು. ಈ ಸ್ತುತಿಯೂ ಈ ನಿಂದೆಯೂ ಆ ತರುಣನ ಉಡುಪನ್ನು ನೋಡಿ ಹುಟ್ಟಿದುವು. ಅವನ ವಾರವನ್ನು ನೋಡಿದವರು ಎರಡು ಪಕ್ಷದಲ್ಲಿಯೂ ವಿರಳ. ಮನುಷ್ಯನನ್ನು ತಿಳಿಯಬೇಕಾದರೆ ಅವನ ಏಳು ದಿನಗಳನ್ನು ನೋಡಬೇಕು. ಆ ಏಳು ದಿನಗಳನ್ನು ವಾಚಕರ ಮುಂದಿಟ್ಟು, ಆ ಏರ್ಪಾಡಿನಲ್ಲಿ ಒಂದು ದೊಡ್ಡ ಅನ್ಯಾಯವಿದೆಯೆಂದೂ, ಆ ಅನ್ಯಾಯವು ಮೊಟ್ಟಮೊದಲು ತಟ್ಟುವುದು ಆ ತರುಣನಿಗೇ ಎಂದೂ ತೋರಿಸುವುದು ನಮ್ಮ ಉದ್ದೇಶ. ಅವರ ಮತಸಿದ್ಧಾಂತಗಳ ಸತ್ಯಾಸತ್ಯತೆಯ ಗೊಡವೆಗೆ ನಾವು ಹೋಗತಕ್ಕವರಲ್ಲ.

ಲೋಕವು ಮಾರ್ಮನ್ ಪಂಥವೆಂದು ಕರೆಯುವ ಈ ಸಭೆಯನ್ನು ಜೋಸೆಫ್ ಸ್ಮಿತ್ ಎಂಬವನು ೧೮೩೦ನೆಯ ಇಸವಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿಸಿದನು. ಏಳೇ ವರ್ಷಗಳಲ್ಲಿ, ೧೮೩೭ರಲ್ಲಿ, ಅದರ ಪ್ರಚಾರಕರು ಸಮುದ್ರವನ್ನು ದಾಟಿ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ ಬೋಧಿಸತೊಡಗಿದರು. ಇಂದು ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರದಿಂದ ಅಪ್ಪಣೆ ಪಡೆದು ಎಪ್ಪತ್ತು ಸಾವಿರಕ್ಕೂ ಮಿಕ್ಕ ಪೂರ್ಣಕಾಲದ ಪ್ರಚಾರಕರು ನಾನಾ ದೇಶಗಳಲ್ಲಿ ದುಡಿಯುತ್ತಿರುವರು. ತರುಣರಿಗೆ ೨೪ ತಿಂಗಳು, ತರುಣಿಯರಿಗೆ ೧೮ ತಿಂಗಳು ಅವಧಿ. ತರುಣರು ಹೊರಡುವ ವಯಸ್ಸನ್ನು ೨೦೧೨ರಲ್ಲಿ ೧೯ರಿಂದ ೧೮ಕ್ಕೆ ಇಳಿಸಿದರು. ತರುಣಿಯರದು ಅದೇ ವರ್ಷ ೨೧ರಿಂದ ೧೯ಕ್ಕೂ, ೨೦೨೫ರಲ್ಲಿ ೧೮ಕ್ಕೂ ಇಳಿಯಿತು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ಆರಿಸುವ ಅಧಿಕಾರ ಹೋಗುವವನಿಗಿಲ್ಲ. ಅದನ್ನು ಸಭೆಯ ಹಿರಿಯರು ಗೊತ್ತುಮಾಡಿ ಪತ್ರಮುಖೇನ ತಿಳಿಸುವರು. ಇದು ದೂರದ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ೧೯೯೩ರಿಂದ ಈ ಸಭೆಯ ಮಿಶನ್ ಒಂದು ನಡೆಯುತ್ತಿದೆ. ಅಲ್ಲಿ ಮಂದಿರವನ್ನು ಕಟ್ಟುವುದಾಗಿ ೨೦೧೮ರಲ್ಲಿ ಸಾರಿ, ೨೦೨೦ರಲ್ಲಿ ಕೆಲಸಕ್ಕೆ ಮೊದಲಿಟ್ಟರು.

ನಿದರ್ಶನಕ್ಕಾಗಿ ಜಪಾನಿಗೆ ಹೋದ ತರುಣನೊಬ್ಬನ ವಾರವನ್ನು ನೋಡೋಣ. ಅವನಿಗೆ ಮನೆಯಲ್ಲಿಟ್ಟ ಹೆಸರು ಮನೆಯಲ್ಲಿಯೇ ಉಳಿಯಿತು. ಇಲ್ಲಿ ಅವನು ‘ಎಲ್ಡರ್’, ಎಂದರೆ ಹಿರಿಯ, ಎಂಬ ಬಿರುದಿನ ಮುಂದೆ ಮನೆತನದ ಹೆಸರನ್ನು ಸೇರಿಸಿ ಕರೆಸಿಕೊಳ್ಳುವನು. ಮೀಸೆ ಸರಿಯಾಗಿ ಮೂಡದವನಿಗೆ ಹಿರಿಯನೆಂಬ ಬಿರುದು! ರೂಢಿಯ ದಿನಚರಿಯಂತೆ ಆರೂವರೆಗೆ ಏಳಬೇಕು. ವ್ಯಾಯಾಮ, ಪ್ರಾರ್ಥನೆ, ಉಪಾಹಾರ. ಬಳಿಕ ಗ್ರಂಥಾಭ್ಯಾಸ, ಜೊತೆಗಾರನೊಡನೆ ಅಭ್ಯಾಸ, ಭಾಷಾಭ್ಯಾಸ. ಅನಂತರ ಬೀದಿ. ಸೈಕಲ್ಲಿನ ಮೇಲೆ ಓಣಿ ಓಣಿ ತಿರುಗಿ, ಬಾಗಿಲು ತಟ್ಟಿ, ರೈಲು ನಿಲ್ದಾಣದ ಮುಂದೆ ನಿಂತು, ಅವಸರದಲ್ಲಿರುವವರನ್ನು ಮಾತನಾಡಿಸಬೇಕು. ವಾರಕ್ಕೊಮ್ಮೆ ಊರವರಿಗೆ ಬಿಟ್ಟಿಯಾಗಿ ಇಂಗ್ಲಿಷ್ ಪಾಠ ಹೇಳುವುದುಂಟು. ಮುದುಕಿಯ ಅಂಗಳದ ಹಿಮ ತೆಗೆಯುವಂತಹ ಸೇವೆಗಳೂ ಉಂಟು. ರಾತ್ರಿ ಒಂಬತ್ತರ ಸುಮಾರಿಗೆ ಬಿಡಾರಕ್ಕೆ ಮರಳಿ, ನಾಳಿನ ಯೋಜನೆ ಬರೆದು, ಹತ್ತೂವರೆಗೆ ದೀಪವಾರಿಸಬೇಕು. ೨೦೧೭ರಲ್ಲಿ ಈ ಗಂಟೆಗಳಿಗೆ ಕೊಂಚ ಸಡಿಲಿಕೆ ಬಂದಿತು. ಚೌಕಟ್ಟು ಮಾತ್ರ ಹಾಗೆಯೇ ಇದೆ.

ವಾರದಲ್ಲೊಂದು ದಿನ, ಸಾಮಾನ್ಯವಾಗಿ ಸೋಮವಾರ, ‘ಸಿದ್ಧತೆಯ ದಿನ’ವೆನಿಸುವುದು. ಬಟ್ಟೆ ಒಗೆಯುವುದು, ದಿನಸಿ ಕೊಳ್ಳುವುದು, ಕ್ಷೌರ, ಮನೆಗೆ ಪತ್ರ, ಸಾಧ್ಯವಾದರೆ ಊರಿನ ಕೋಟೆಯನ್ನೋ ಗುಡಿಯನ್ನೋ ನೋಡಿಬರುವುದು, ಇವೆಲ್ಲ ಆ ಒಂದು ಹಗಲಿನಲ್ಲಿ ಮುಗಿಯಬೇಕು. ಸಂಜೆಗೆ ಮತ್ತೆ ಪ್ರಚಾರ. ಇನ್ನೊಂದು ದಿನ ಸುತ್ತಣ ಪ್ರಚಾರಕರ ಕೂಟ. ಮತ್ತೊಂದು ಹೊತ್ತು ವಾರದ ಯೋಜನೆ. ಭಾನುವಾರ ಆರಾಧನೆ, ಅದರೊಡನೆ ವಾರದ ಲೆಕ್ಕ. ಎಷ್ಟು ಹೊಸಬರಿಗೆ ಬೋಧಿಸಿದಿರಿ, ಎಷ್ಟು ಜನ ಆರಾಧನೆಗೆ ಬಂದರು, ಎಷ್ಟು ಜನರ ದೀಕ್ಷಾಸ್ನಾನಕ್ಕೆ ದಿನ ಗೊತ್ತಾಯಿತು, ಎಷ್ಟು ಜನ ದೀಕ್ಷೆ ಪಡೆದರು ಎಂಬ ಅಂಕಿಗಳು ಮೇಲಿನವರಿಗೆ ಹೋಗಬೇಕು. ಸೋಮವಾರ ಮತ್ತೆ ಬಟ್ಟೆ ಒಗೆಯುವುದು. ಇಂತಹ ನೂರು ವಾರಗಳು ಕೂಡಿದರೆ ಅವನ ವ್ರತ.

ಇದರಲ್ಲಿ ಮೆಚ್ಚತಕ್ಕದ್ದಿಲ್ಲವೆಂದರೆ ಅದು ಮತ್ಸರದ ಮಾತಾದೀತು. ಸುಖದಲ್ಲಿ ಬೆಳೆದ ಹುಡುಗನು ತನ್ನ ಬಟ್ಟೆಯನ್ನು ತಾನೊಗೆದು, ದಿನಕ್ಕೆ ನೂರು ಸಲ ‘ಬೇಡ’ವೆನಿಸಿಕೊಂಡು, ಮರುದಿನ ನಗುಮುಖದಿಂದ ಮತ್ತೆ ಹೊರಡುವುದು ಸಣ್ಣ ಸಾಧನೆಯಲ್ಲ. ಬಲಾತ್ಕಾರವಿಲ್ಲ, ದುಡ್ಡಿನ ಆಮಿಷವಿಲ್ಲ. ಬಾಗಿಲು ಮುಚ್ಚಿದವರಿಗೆ ವಂದಿಸಿ ಮುಂದೆ ನಡೆಯುವರು. ಆದರೆ ಮಾಡುವವನ ಗುಣವು ಮಾಡಿಸುವವನ ಪಾಪವನ್ನು ತೊಳೆಯಲಾರದು. ನಮ್ಮ ಆಕ್ಷೇಪಣೆಗಳೆಲ್ಲ ಮಾಡಿಸುವವರ ಮೇಲೆ.

ಮೊದಲನೆಯ ಆಕ್ಷೇಪಣೆ ಆ ಭಾನುವಾರದ ಲೆಕ್ಕದ್ದು. ಭಕ್ತಿಯನ್ನು ತೂಗುವ ತಕ್ಕಡಿಯನ್ನು ಇದುವರೆಗೆ ಯಾರೂ ಮಾಡಿಲ್ಲ. ಹತ್ತೊಂಬತ್ತರ ಹುಡುಗನ ಕೈಯಲ್ಲಿ ಅಂಕಿಯ ಪಟ್ಟಿ ಕೊಟ್ಟರೆ ಅವನು ತೂಗುವುದು ತಲೆಗಳನ್ನು. ತಲೆಯೆಣಿಕೆಯು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಅವರ ಚರಿತ್ರೆಯೇ ಸಾಕ್ಷಿ. ೧೯೬೦ರ ಸುಮಾರಿನಲ್ಲಿ ಇಂಗ್ಲೆಂಡಿನಲ್ಲಿ ಬೇಸ್‌ಬಾಲ್ ಆಟದ ನೆಪದಿಂದ ಹುಡುಗರನ್ನು ಕೂಡಿಸಿ, ತಂಡಕ್ಕೆ ಸೇರಿದ ಬೆನ್ನಿಗೇ ನೀರಿನಲ್ಲಿ ಮುಳುಗಿಸಿ, ದೀಕ್ಷಿತರ ಸಂಖ್ಯೆಯನ್ನು ಏರಿಸಿದರು. ತಾವು ಒಂದು ಧರ್ಮಕ್ಕೆ ಸೇರಿದೆವೆಂಬುದನ್ನೇ ಆ ಮಕ್ಕಳಲ್ಲಿ ಅನೇಕರು ಅರಿಯಲಿಲ್ಲ. ‘ಬೇಸ್‌ಬಾಲ್ ದೀಕ್ಷೆ’ಗಳೆಂಬ ಅಪಹಾಸ್ಯದ ಹೆಸರು ಮಾರ್ಮನ್ನರ ಬಾಯಲ್ಲಿಯೇ ಹುಟ್ಟಿತು; ಆಮೇಲೆ ಬಹು ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಆ ಹುಡುಗರನ್ನು ಮುಳುಗಿಸಿದ ತರುಣ ಪ್ರಚಾರಕರು ದುಷ್ಟರಾಗಿದ್ದರೇ? ಇಲ್ಲ. ವಾರದ ಕೊನೆಗೆ ಒಂದು ಅಂಕಿಯನ್ನು ಒಪ್ಪಿಸಬೇಕಾಗಿದ್ದ ಸಜ್ಜನರ ಮಕ್ಕಳು ಅವರು. ಅಂದಿನ ಅತಿರೇಕವು ಇಂದಿಲ್ಲವೆಂದು ಒಪ್ಪೋಣ. ಅಂದು ಬಿತ್ತಿದ ಬೀಜ, ಎಂದರೆ ವಾರದ ಅಂಕಿ, ಇಂದಿಗೂ ನೆಲದಲ್ಲಿದೆ.

ಎರಡನೆಯದು ಏಕಾಂತದ ಮಾತು. ನಿಯಮದಂತೆ ಜೊತೆಗಾರರಿಬ್ಬರೂ ಸದಾ ಒಬ್ಬರೊಬ್ಬರ ಕಣ್ಣಳವಿನಲ್ಲಿ, ಕಿವಿಯಳವಿನಲ್ಲಿ ಇರತಕ್ಕದ್ದು. ಸ್ನಾನದ ಮನೆಯೇ ಮೊದಲಾದ ಕೆಲವು ಎಡೆಗಳಷ್ಟೇ ಅಪವಾದ. ಮಲಗುವುದೂ ಒಂದೇ ಕೋಣೆಯಲ್ಲಿ. ಆ ಜೊತೆಗಾರನನ್ನು ಅವನು ಆರಿಸಿಕೊಂಡುದಲ್ಲ. ಮಿಶನ್ನಿನ ಅಧ್ಯಕ್ಷನು ಕೊಟ್ಟುದು. ಇದು ಕ್ಷೇಮಕ್ಕಾಗಿ, ಪ್ರಲೋಭನೆಯಿಂದ ಕಾಪಾಡುವುದಕ್ಕಾಗಿ ಎಂದು ಹೇಳುವರು. ಇರಬಹುದು. ಆದರೆ ನಮ್ಮ ದೇಶದಲ್ಲಿ ದೇವರನ್ನು ಅರಸಿ ಹೊರಟವರು ಗುಹೆಯನ್ನು ಹೊಕ್ಕರು, ಗಿಡದ ಕೆಳಗೆ ಕುಳಿತರು, ಒಂಟಿಯಾಗಿ ದಾರಿ ನಡೆದರು. ಹದಿನೆಂಟರಿಂದ ಇಪ್ಪತ್ತರವರೆಗೆ ಒಂದು ಗಳಿಗೆಯೂ ಒಬ್ಬನೇ ಇರದವನಿಗೆ ತನ್ನ ಸಂಶಯವನ್ನು ತಾನು ಮಾತನಾಡಿಸಲು ಸಮಯವೆಲ್ಲಿ? ಸಂಶಯವನ್ನು ಎದುರಿಸಿ ಗೆಲ್ಲದ ಶ್ರದ್ಧೆಯು ಬಾಡಿಗೆಯ ಮನೆಯಿದ್ದಂತೆ. ಇರಬಹುದು, ತನ್ನದೆನ್ನಲು ಬಾರದು.

ಮೂರನೆಯದೇ ನಮ್ಮ ಮುಖ್ಯ ಆಕ್ಷೇಪಣೆ. ಸಾಹಿತ್ಯಸೇವೆಗೆ ಹುಟ್ಟಿದ ಇಂತಹ ಪತ್ರಿಕೆಯಲ್ಲಿ ಅದನ್ನು ಎತ್ತದಿದ್ದರೆ ಮತ್ತೆಲ್ಲಿ ಎತ್ತಬೇಕು? ಈ ತರುಣನಿಗೆ ಕೆಲವೇ ವಾರಗಳಲ್ಲಿ ಜಪಾನಿ ಮಾತನ್ನು ಕಲಿಸಿ ಕಳುಹುವರು. ಬಂದ ಬಳಿಕ ಆರು ವಾರಕ್ಕೊಮ್ಮೆ ವರ್ಗಾವಣೆಯ ದಿನ ಬರುವುದು. ಆ ದಿನ ಊರೋ, ಜೊತೆಗಾರನೋ, ಎರಡೂ ಬದಲಾಗಬಹುದು. ಕೆಲವು ಸರದಿ ಒಂದೇ ಊರಿನಲ್ಲಿ ಉಳಿದರೂ ನಾಳೆ ಹೊರಡಬೇಕಾದೀತೆಂಬ ಅರಿವು ತಪ್ಪದು. ನೆರೆಯ ಮುದುಕನ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕು. ಓದಿಗೂ ಮೇರೆಯುಂಟು: ಧರ್ಮಗ್ರಂಥಗಳು, ಸಭೆಯು ಒಪ್ಪಿದ ಪುಸ್ತಕಗಳು. ಹೀಗೆ ಬಾಶೋ ಕವಿಯ ನಾಡಿನಲ್ಲಿ ಎರಡು ವರ್ಷ ಬಾಳಿ, ಆ ಕವಿಯ ಒಂದು ಪುಟವನ್ನೂ ತೆರೆಯದೆ ಮರಳುವುದು ಅಲ್ಲಿ ದೋಷವೆನಿಸದು, ನಿಯಮಪಾಲನೆಯೆನಿಸುವುದು. ಕೇಳುವುದಕ್ಕೆಂದು ಕಲಿತ ಭಾಷೆಗೂ ಹೇಳುವುದಕ್ಕೆಂದೇ ಕಲಿತ ಭಾಷೆಗೂ ಅಂತರ ಬಹಳ. ಕೊಡಲು ಮಾತ್ರ ಕೈ ಚಾಚಿ, ಕೊಳ್ಳಲು ಮುಷ್ಟಿ ಬಿಗಿಹಿಡಿದವನು ಅತಿಥಿಯಾಗಲಾರನು.

ಇದನ್ನು ಪರಕೀಯರ ಟೀಕೆಯೆಂದು ತಳ್ಳಿಹಾಕುವಂತಿಲ್ಲ. ಜಪಾನಿನಲ್ಲಿ ಈ ಸಭೆಯ ಮೊದಲ ಪ್ರಚಾರಕರು ೧೯೦೧ರಲ್ಲಿ ಕಾಲಿಟ್ಟರು. ಅವರಲ್ಲಿ ಆಲ್ಮಾ ಟೇಲರ್ ಎಂಬವನಿಗೆ ಆಗ ಹತ್ತೊಂಬತ್ತು ವರ್ಷ. ಅವನು ಎರಡು ವರ್ಷಕ್ಕೆ ಹಿಂದಿರುಗಲಿಲ್ಲ; ೧೯೧೦ರವರೆಗೆ ಅಲ್ಲಿಯೇ ನಿಂತನು. ಭಾಷೆಯನ್ನು ಆಳವಾಗಿ ಕಲಿತು, ಜಪಾನಿ ಸಾಹಿತಿಗಳ ನೆರವನ್ನು ಬೇಡಿ ಪಡೆದು, ಮಾರ್ಮನ್ನರ ಗ್ರಂಥವನ್ನು ಜಪಾನಿ ಭಾಷೆಗೆ ತಂದು ೧೯೦೯ರಲ್ಲಿ ಅಚ್ಚುಹಾಕಿಸಿದನು. ಆ ಕೆಲಸವು ಆರು ವಾರದ ಲೆಕ್ಕದಲ್ಲಿ ಆಗುತ್ತಿತ್ತೇ?

ಕನ್ನಡಿಗರಿಗಂತೂ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೮೫೩ನೆಯ ಇಸವಿಯಲ್ಲಿ ಮಾರ್ಮನ್ ಪ್ರಚಾರಕರ ಒಂದು ತಂಡ ಕಲಕತ್ತೆಗೆ ಬಂದಿಳಿಯಿತು. ಕೆಲವು ವರ್ಷಗಳಲ್ಲಿ ನಿರಾಶೆಯಿಂದ ಹಿಂದಿರುಗಿತು. ನಮ್ಮ ನುಡಿಗಳಲ್ಲಿ ಅದರ ಗುರುತು ಉಳಿಯಲಿಲ್ಲ. ಅದೇ ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಇಪ್ಪತ್ತೊಂದರ ತರುಣನೊಬ್ಬನು ನಮ್ಮ ನಾಡಿಗೆ ಬಂದನು. ಅವನೂ ಮತಪ್ರಚಾರಕನೇ. ಆದರೆ ಅವನು ನಿಂತನು, ಕೇಳಿದನು, ಪಂಡಿತರ ಮುಂದೆ ಶಿಷ್ಯನಾಗಿ ಕುಳಿತನು, ತನ್ನ ಮತಕ್ಕೆ ಸೇರದ ಕಾವ್ಯವ್ಯಾಕರಣಗಳನ್ನು ಓದಿದನು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದನು, ೧೮೯೪ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟನು. ಫರ್ಡಿನಾಂಡ್ ಕಿಟ್ಟೆಲ್ಲನಿಗೆ ಆರು ವಾರಕ್ಕೊಂದು ವರ್ಗಾವಣೆಯನ್ನೂ, ಎರಡು ವರ್ಷದ ಗಡುವನ್ನೂ, ಕನ್ನಡದ ಕಾವ್ಯವನ್ನು ಮುಟ್ಟಬಾರದೆಂಬ ಕಟ್ಟಳೆಯನ್ನೂ ವಿಧಿಸಿದ್ದರೆ ನಮ್ಮ ಗತಿಯೇನಾಗುತ್ತಿತ್ತು? ಇಂದಿನ ಎಪ್ಪತ್ತು ಸಾವಿರ ತರುಣರಲ್ಲಿ ಎಷ್ಟು ಕಿಟ್ಟೆಲ್ಲರು ಸೈಕಲ್ಲು ತುಳಿಯುತ್ತ ಮರೆಯಾಗುತ್ತಿರುವರೋ ಬಲ್ಲವರಾರು?

ನಾಲ್ಕನೆಯದು ಹಣದ ಮಾತು. ಈ ತರುಣನಿಗೆ ಸಂಬಳವಿಲ್ಲ. ಅಷ್ಟೇ ಅಲ್ಲ, ಅವನ ವೆಚ್ಚವನ್ನು ಅವನೋ ಅವನ ಮನೆಯವರೋ ತೆರಬೇಕು. ಅಮೆರಿಕದಿಂದ ಹೊರಡುವವನು ತಿಂಗಳಿಗೆ ಕೊಡಬೇಕಾದ ಮೊತ್ತವನ್ನು ೨೦೨೦ರಲ್ಲಿ ೪೦೦ ಡಾಲರುಗಳಿಂದ ೫೦೦ಕ್ಕೆ ಏರಿಸಿದರು. ಎಂದರೆ ಎರಡು ವರ್ಷಕ್ಕೆ ೧೨,೦೦೦ ಡಾಲರು. ತ್ಯಾಗಕ್ಕೆ ಬೆಲೆಯಿರಬೇಕು, ನಿಜ. ಆದರೆ ಕೇಳುವವನು ಬಡವನಾಗಿದ್ದರೆ ತ್ಯಾಗದ ಮಾತು ಒಪ್ಪೀತು. ಈ ಸಭೆಯ ಹಣವನ್ನು ನೋಡಿಕೊಳ್ಳುವ ಎನ್‌ಸೈನ್ ಪೀಕ್ ಎಂಬ ಸಂಸ್ಥೆಯು ತನ್ನ ಷೇರುಗಳನ್ನು ಹೆಸರಿಗೆ ಮಾತ್ರ ಇದ್ದ ಕಂಪೆನಿಗಳ ಮರೆಯಲ್ಲಿ ತೋರಿಸಿದ್ದಕ್ಕಾಗಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು ೨೦೨೩ರ ಫೆಬ್ರವರಿಯಲ್ಲಿ ದಂಡ ಹಾಕಿತು: ಆ ಸಂಸ್ಥೆಗೆ ೪೦ ಲಕ್ಷ, ಸಭೆಗೆ ೧೦ ಲಕ್ಷ ಡಾಲರು. ಹಾಗೆ ಮರೆಯಲ್ಲಿದ್ದ ಷೇರುಗಳ ಮೊತ್ತವು ೨೦೧೮ರ ವೇಳೆಗೆ ಸುಮಾರು ೩,೨೦೦ ಕೋಟಿ ಡಾಲರುಗಳಷ್ಟಿತ್ತೆಂದು ಆಯೋಗವೇ ಹೇಳಿತು. ಕಣಜ ತುಂಬಿರುವ ಒಡೆಯನು ಕೂಲಿಯವನಿಂದಲೇ ಬುತ್ತಿ ತರಿಸುವುದನ್ನು ಯಾವ ಧರ್ಮಶಾಸ್ತ್ರವು ಮೆಚ್ಚೀತು?

ಇಲ್ಲಿ ಎರಡು ಸಮಾಧಾನಗಳನ್ನು ಹೇಳುವರು. “ಇದೆಲ್ಲ ಸ್ವಇಚ್ಛೆಯದು; ಹೋಗಲೊಲ್ಲದವನನ್ನು ಯಾರೂ ಎಳೆದೊಯ್ಯರು” ಎಂಬುದು ಒಂದು. ಆದರೆ ಸಮರ್ಥನಾದ ಪ್ರತಿಯೊಬ್ಬ ತರುಣನಿಗೂ ಇದು ಕರ್ತವ್ಯವೆಂದು ಸಭೆಯ ಹಿರಿಯರೇ ಬೋಧಿಸುತ್ತ ಬಂದಿರುವರು. ತೊಟ್ಟಿಲಿನಿಂದ ಆ ಮಾತನ್ನು ಕೇಳಿ ಬೆಳೆದವನು, ತಂದೆಯೂ ಅಣ್ಣನೂ ಹೋಗಿಬಂದ ಮನೆಯಲ್ಲಿ, ‘ಒಲ್ಲೆ’ನೆನ್ನುವುದು ಎಷ್ಟು ಸುಲಭ? ಅವಧಿ ಮುಗಿಯುವ ಮುನ್ನ ಮೈಯೋ ಮನಸ್ಸೋ ಸೋತು ಮರಳಿದವನನ್ನು ನೆರೆಹೊರೆಯು ಯಾವ ಕಣ್ಣಿನಿಂದ ನೋಡುವುದು? ಬಾಗಿಲಿಗೆ ಅಗುಳಿಯಿಲ್ಲವೆಂದಮಾತ್ರಕ್ಕೆ ಹೊರಬರುವ ದಾರಿ ತೆರೆದಿದೆಯೆನ್ನಲಾಗದು. “ಹೀಗೆ ಹೋಗಿಬಂದವರಲ್ಲಿ ಅನೇಕರು ಮುಂದೆ ಭಾಷಾಪಂಡಿತರೂ ಅನುವಾದಕರೂ ಆದರಲ್ಲ!” ಎಂಬುದು ಎರಡನೆಯ ಸಮಾಧಾನ. ನಿಜ, ಆದರು, ಅದು ನಮ್ಮ ವಾದಕ್ಕೇ ಬಲ. ವ್ರತ ಮುಗಿದ ಮೇಲೆ, ನಿಷೇಧ ಕಳಚಿದ ಮೇಲೆ, ಅವರು ತಾವಾಗಿ ಆ ಸಾಹಿತ್ಯವನ್ನು ಅರಸಿ ಹೋದರು. ಎರಡು ವರ್ಷ ಬಾವಿಯ ಕಟ್ಟೆಯ ಮೇಲೆ ಕುಳ್ಳಿರಿಸಿ ನೀರು ಮುಟ್ಟಗೊಡದವರು, ಮುಂದೆ ಅವನು ನೀರು ಕುಡಿದುದರ ಕೀರ್ತಿಯನ್ನು ತಾವು ಪಡೆಯಬಾರದು.

ನಿಯಮಗಳು ದೈವದತ್ತವಾದುದರಿಂದ ಬದಲಾಗಲಾರವೆಂದು ಯಾರೂ ಹೇಳಬೇಕಾಗಿಲ್ಲ. ಹಿಂದೆ ಈ ತರುಣರು ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ, ಮನೆಯವರ ದನಿ ಕೇಳಬಹುದಾಗಿತ್ತು. ೨೦೧೯ರ ಫೆಬ್ರವರಿಯಲ್ಲಿ ವಾರಕ್ಕೊಮ್ಮೆ ಮಾತನಾಡಬಹುದೆಂದು ಸಡಿಲಿಸಿದರು. ಆಕಾಶವೇನೂ ಕಳಚಿಬೀಳಲಿಲ್ಲ, ಹುಡುಗರ ಶ್ರದ್ಧೆಯೂ ಕರಗಲಿಲ್ಲ. ತಾಯಿಯ ದನಿಗೆ ಬಾಗಿಲು ತೆರೆದವರು ಆತಿಥ್ಯ ನೀಡಿದ ನಾಡಿನ ದನಿಗೂ ತೆರೆಯಲಿ. ವಾರದ ಅಂಕಿಯನ್ನು ಸುಡಲಿ; ಹುಡುಗನನ್ನು ಒಂದೇ ಊರಿನಲ್ಲಿ ನಿಲ್ಲಗೊಡಲಿ; ಸೋಮವಾರದ ಹಗಲಿನಲ್ಲಿ ಎರಡು ಗಂಟೆ ಅವನನ್ನು ಅವನಷ್ಟಕ್ಕೆ ಬಿಡಲಿ; ಆ ನಾಡಿನ ಒಂದು ಕಾವ್ಯವನ್ನು ಅವನ ಕೈಯಲ್ಲಿಡಲಿ; ಅವನ ಊಟದ ವೆಚ್ಚವನ್ನು ತುಂಬಿದ ಭಂಡಾರದಿಂದ ಕೊಡಲಿ.

ಇನ್ನು, ನಮ್ಮ ಹುಡುಗರಿಗೂ ಇಂತಹ ವ್ರತ ಬೇಕೆಂದು ಹಂಬಲಿಸುವ ಮಹನೀಯರಿಗೆ ಒಂದು ಬಿನ್ನಹ. ತರುಣರನ್ನು ಹಳ್ಳಿಗೆ ಕಳುಹಿರಿ, ಪರನಾಡಿಗೆ ಕಳುಹಿರಿ; ನಾವು ಅಡ್ಡಬರುವವರಲ್ಲ. ಆದರೆ ಕಳುಹುವಾಗ ಹೇಳಬೇಕಾದುದನ್ನು ಮಾತ್ರ ಗಂಟುಕಟ್ಟಿ ಕೊಡಬೇಡಿರಿ. ಕೇಳಿ ತರಬೇಕಾದುದಕ್ಕೆ ಒಂದು ಬರಿದು ಚೀಲವನ್ನೂ ಕೊಟ್ಟು ಕಳುಹಿರಿ. ಮರಳಿ ಬಂದಾಗ ಎಷ್ಟು ಜನರನ್ನು ನಿನ್ನವರನ್ನಾಗಿ ಮಾಡಿದೆಯೆಂದು ಕೇಳುವ ಮೊದಲು, ನೀನು ಎಷ್ಟು ಜನರವನಾದೆಯೆಂದು ಕೇಳಿರಿ.