ಗಿರಣಿ ಮುಚ್ಚಿದ ಮೇಲೆ ಕಾಮಗಾರ ಯಾರು?

ವರ್ಗ ಎಂಬ ಮಾತೇ ಹಳೆಯದಾಯಿತಂತೆ. ಜಾಗತೀಕರಣ ಬಂದ ಮೇಲೆ ಮಾಲೀಕನೂ ಇಲ್ಲ, ಕೂಲಿಯೂ ಇಲ್ಲ, ಎಲ್ಲರೂ ತಮ್ಮ ತಮ್ಮ ಉದ್ಯಮದ ಒಡೆಯರೇ ಎಂದು ದೊಡ್ಡ ಪತ್ರಿಕೆಗಳಲ್ಲಿ ಬರೆಯುವ ಪಂಡಿತರು ದಿನಕ್ಕೊಬ್ಬರು ಹುಟ್ಟುತ್ತಿದ್ದಾರೆ. ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವವನು ಉದ್ಯಮಿ. ಬಾಡಿಗೆಯ ಆಟೋ ಓಡಿಸುವವನು ಉದ್ಯಮಿ. ಮನೆಯಲ್ಲಿ ಕೂತು ಬೀಡಿ ಕಟ್ಟುವ ತಾಯಿಯೂ ಉದ್ಯಮಿ! ಈ ಮಾತನ್ನು ನಂಬುವ ಮುಂಚೆ ನಮ್ಮ ವಾಚಕರು ಒಬ್ಬ ಸಮಾಜಶಾಸ್ತ್ರಜ್ಞನ ಕೆಲಸವನ್ನು ಅರಿತುಕೊಳ್ಳುವುದು ಒಳ್ಳೆಯದು. ಆತನ ಹೆಸರು ಯಾನ್ ಬ್ರೆಮನ್. 1936ರಲ್ಲಿ ಹಾಲೆಂಡಿನಲ್ಲಿ ಹುಟ್ಟಿ, ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದವನು. 1960ರ ದಶಕದ ಮೊದಲಲ್ಲೇ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಬಂದು, ಮುಂದೆ ಹತ್ತಾರು ವರ್ಷ ಅದೇ ಜನರ ಬಳಿಗೆ ತಿರುತಿರುಗಿ ಹೋದವನು. ಗ್ರಂಥಾಲಯದಲ್ಲಿ ಕೂತು ಭಾರತವನ್ನು ಕಂಡವರು ಬಹಳ ಮಂದಿ. ಈತ ಕೂಲಿಕಾರನ ಗುಡಿಸಲಿನ ಮುಂದೆ ಕೂತು ಕಂಡವನು.

ಆ ಹಳ್ಳಿಗಳಲ್ಲಿ ಆತ ಮೊದಲು ನೋಡಿದ್ದು ಹಾಲಿ ಪದ್ಧತಿಯ ಕೊನೆಗಾಲ. ಅನಾವಿಲ ಬ್ರಾಹ್ಮಣರು ಭೂಮಾಲೀಕರು, ದುಬ್ಲಾ ಜನ ಅವರ ಆಳುಗಳು. ಮದುವೆಗೆಂದು ಯಜಮಾನನಿಂದ ಸಾಲ ತಂದವನು ಆ ಸಾಲ ತೀರುವವರೆಗೆ ದುಡಿಯಬೇಕು. ಸಾಲ ತೀರುವುದೇ ಇಲ್ಲ. ನಮ್ಮ ಕಡೆಯ ಜೀತವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1974ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಬ್ರೆಮನ್ ತೋರಿಸಿದ್ದು ಅದರ ಮುಂದಿನ ಮಾತು. ಹಳೆಯ ಪದ್ಧತಿ ಕಳಚಿದಾಗ ಆಳಿಗೆ ಬಿಡುಗಡೆ ಸಿಕ್ಕಿದ್ದಕ್ಕಿಂತ ಯಜಮಾನನಿಗೇ ಹೆಚ್ಚು ಬಿಡುಗಡೆ ಸಿಕ್ಕಿತು. ಬರಗಾಲದಲ್ಲಿ ಹೊಟ್ಟೆಗೆ ಹಾಕುವ ಹೊಣೆ ಅವನ ತಲೆಯಿಂದ ಇಳಿಯಿತು. ಆಳು ಮಾತ್ರ ಸ್ವತಂತ್ರನಾದ, ಎಂದರೆ ಹಸಿದು ಊರೂರು ಅಲೆಯಲು ಸ್ವತಂತ್ರನಾದ.

ಬಾರ್ಡೋಲಿ ಎಂದರೆ ನಮಗೆ 1928ರ ಸತ್ಯಾಗ್ರಹ, ಸರದಾರ ಪಟೇಲರ ನೆನಪು. ಅದೇ ಬಾರ್ಡೋಲಿಯಲ್ಲಿ ಮುಂದೆ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ಕಬ್ಬು ಕಡಿಯಲು ಪ್ರತಿ ವರ್ಷ ಮಹಾರಾಷ್ಟ್ರದ ಖಾನದೇಶದಿಂದ ಸಾವಿರಾರು ಜನ ಮುಂಗಡದ ಹಗ್ಗಕ್ಕೆ ಕಟ್ಟಿಸಿಕೊಂಡು ಬರುತ್ತಾರೆ. ಹಾಗಾದರೆ ಬಾರ್ಡೋಲಿಯ ಸ್ವಂತ ಕೂಲಿಗಳು? ಅವರು ಅದೇ ಕಾಲಕ್ಕೆ ಊರು ಬಿಟ್ಟು ಇಟ್ಟಿಗೆ ಭಟ್ಟಿಗಳಿಗೆ ಹೋಗುತ್ತಾರೆ! ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ಇದೇನು ಹುಚ್ಚು ವ್ಯವಸ್ಥೆ ಎಂದು ಅನ್ನಿಸಬಹುದು. ಹುಚ್ಚಲ್ಲ, ಬಲು ಜಾಣತನ. ಊರಿನವನಿಗೆ ಮನೆಯಿದೆ, ನೆಂಟರಿದ್ದಾರೆ, ರಾತ್ರಿ ಹನ್ನೆರಡಕ್ಕೆ ಗಾಡಿ ತುಂಬು ಎಂದರೆ ಆಗುವುದಿಲ್ಲ ಎನ್ನುವ ಧೈರ್ಯವಿದೆ. ಪರವೂರಿನವನು ಹೊಲದ ಬದಿಯಲ್ಲಿ ಗುಡಿಸಲು ಹಾಕಿ ಮುಂಗಡ ತೀರಿಸುತ್ತಿದ್ದಾನೆ. ಯಾವ ಹೊತ್ತಿಗೆ ಎಬ್ಬಿಸಿದರೂ ಏಳುತ್ತಾನೆ, ಹಂಗಾಮು ಮುಗಿದರೆ ಕಣ್ಮರೆಯಾಗುತ್ತಾನೆ. ಕೆಲಸವಿಲ್ಲವೆಂದು ಜನ ವಲಸೆ ಹೋಗುತ್ತಾರೆ ಎನ್ನುವುದು ಅರ್ಧ ಸತ್ಯ. ಎದುರು ಮಾತಾಡದ ಕೂಲಿ ಬೇಕೆಂದು ಮಾಲೀಕರೇ ವಲಸೆಯನ್ನು ನಡೆಸುತ್ತಾರೆ ಎನ್ನುವುದು ಉಳಿದರ್ಧ. 1996ರಲ್ಲಿ ಬ್ರೆಮನ್ ಈ ಜನರ ಮೇಲೆ ಬರೆದ ಪುಸ್ತಕದ ಹೆಸರೇ 'ಫುಟ್‌ಲೂಸ್ ಲೇಬರ್', ಕಾಲು ನಿಲ್ಲದ ಕೂಲಿ ಎನ್ನಬಹುದು.

ಗಿರಣಿ ಬಂಧುಗಳಿಗೆ ಹತ್ತಿರವಾದದ್ದು ಅಹಮದಾಬಾದಿನ ಕಥೆ. ಅಲ್ಲಿ ಮೊದಲ ಗಿರಣಿ ನಡೆದದ್ದು 1861ರಲ್ಲಿ. 1918ರ ಮುಷ್ಕರದಲ್ಲಿ ಗಾಂಧೀಜಿ ಕಾಮಗಾರರಿಗಾಗಿ ಉಪವಾಸ ಕೂತರು. ಬೇಡಿಕೆ ಶೇಕಡ 35 ಹೆಚ್ಚಳ. ಎದುರು ನಿಂತ ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕಾಮಗಾರರ ಪಕ್ಕ ನಿಂತವರು ಆತನ ಸ್ವಂತ ಅಕ್ಕ ಅನಸೂಯಾ ಬೆಹನ್. 1920ರಲ್ಲಿ ಮಜೂರ್ ಮಹಾಜನ ಎಂಬ ಸಂಘ ಹುಟ್ಟಿತು. ಮುಷ್ಕರಕ್ಕಿಂತ ಮಧ್ಯಸ್ಥಿಕೆ, ಹೋರಾಟಕ್ಕಿಂತ ಸೌಹಾರ್ದ ಎಂಬುದು ಅದರ ದಾರಿ. ಆ ದಾರಿಯಿಂದ ಏನೂ ಸಿಗಲಿಲ್ಲವೆಂದು ನಾನು ಹೇಳುವುದಿಲ್ಲ. ಎಂಟು ಗಂಟೆಯ ಪಾಳಿ, ಪ್ರಾವಿಡೆಂಟ್ ಫಂಡು, ಇ.ಎಸ್.ಐ. ಚೀಟಿ, ತುಟ್ಟಿಭತ್ಯ, ಮಗನನ್ನು ಹೈಸ್ಕೂಲಿಗೆ ಕಳಿಸುವ ತಾಕತ್ತು, ಇವೆಲ್ಲ ಗಿರಣಿಯವನ ಮನೆಗೆ ಬಂದವು. ಕೂಲಿ ಎನ್ನಿಸಿಕೊಂಡವನು ಕಾಮಗಾರ ಎನ್ನಿಸಿಕೊಂಡ.

ಆದರೆ ಒಳಗೆ ಹುಳುಕೂ ಇತ್ತು. ದಲಿತರಿಗೆ ನೂಲುವ ಖಾತೆಯಲ್ಲಿ ಕೆಲಸ, ಹೆಚ್ಚು ಪಗಾರದ ನೇಯುವ ಖಾತೆಗೆ ಪ್ರವೇಶವಿಲ್ಲ. ಕಾರಣ ಗೊತ್ತೆ? ಕಂಡಿಕೆ ಬದಲಿಸಿದಾಗ ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ ನೂಲು ಹೀರಬೇಕು. ಅಸ್ಪೃಶ್ಯನ ಎಂಜಲು ಮುಟ್ಟಿದ ಲಾಳಿಗೆ ತಾವು ಬಾಯಿ ಹಚ್ಚುವುದಿಲ್ಲವೆಂದು ಉಳಿದವರು ಹಟ ಹಿಡಿದರು. ಇದು ಮಾಲೀಕ ಕಟ್ಟಿದ ಗೋಡೆಯಲ್ಲ, ನಮ್ಮವರೇ ಕಟ್ಟಿದ್ದು.

1980ರ ದಶಕದಿಂದ ಅಲ್ಲಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹತ್ತಾರು ಸಾವಿರ ಜನ ಬೀದಿಗೆ ಬಿದ್ದರು. ದಾವಣಗೆರೆಯ ಗಿರಣಿಗಳ ಗತಿಯನ್ನು ಕಂಡ ನಮಗೆ ಆ ದೃಶ್ಯ ಹೊಸದಲ್ಲ. ಮುಚ್ಚಿದ ಮೇಲೆ ಸರಕಾರವೂ ಪತ್ರಿಕೆಗಳೂ ಮರೆತವು. ಬ್ರೆಮನ್ ಆ ಕಾಮಗಾರರನ್ನು ಹುಡುಕಿಕೊಂಡು ಹೋದ. 2004ರಲ್ಲಿ ಬಂದ ಗ್ರಂಥದಲ್ಲಿ ಕೈಗಾರಿಕಾ ಕಾರ್ಮಿಕವರ್ಗವೊಂದು ಹೇಗೆ ಕಟ್ಟಲ್ಪಟ್ಟಿತು, ಹೇಗೆ ಕೆಡವಲ್ಪಟ್ಟಿತು ಎಂಬುದನ್ನು ಬರೆದ. ಇಪ್ಪತ್ತು ವರ್ಷ ಮಗ್ಗ ನಡೆಸಿದ ಕುಶಲಿ ಯಾರದೋ ಬಂಗಲೆಯ ಕಾವಲುಗಾರನಾದ, ಬಾಡಿಗೆ ರಿಕ್ಷಾ ಹಿಡಿದ, ತರಕಾರಿ ಗಾಡಿ ತಳ್ಳಿದ. ದುಡಿಮೆಯ ಗಂಟೆ ಹೆಚ್ಚಿತು, ಗಳಿಕೆ ಇಳಿಯಿತು. ಹೆಂಡತಿ ಮನೆಗೆಲಸಕ್ಕೆ ಇಳಿದಳು, ಮಗ ಶಾಲೆ ಬಿಟ್ಟ. ಸಂಘವೋ, ಸೌಹಾರ್ದದ ಪಾಠ ಹೇಳಿ ಹೇಳಿ ಹೋರಾಡುವ ಅಭ್ಯಾಸವನ್ನೇ ಕಳೆದುಕೊಂಡಿತ್ತು.

ಈಗ ಅಂಗಡಿ ಬಂಧುಗಳಿಗೆ ಒಂದು ಮಾತು. ಹೊಸದಾಗಿ ಗಾಡಿ ತಳ್ಳಲು ಬಂದ ಆ ಮಾಜಿ ಕಾಮಗಾರ ನಿಮ್ಮ ಪ್ರತಿಸ್ಪರ್ಧಿ ಎಂದು ಕಾಣಬಹುದು. ಅವನು ನಿನ್ನೆಯವರೆಗೆ ನಿಮ್ಮ ಗಿರಾಕಿಯಾಗಿದ್ದ. ಪಗಾರದ ದಿನ ಉದ್ರಿ ಪುಸ್ತಕ ಚುಕ್ತಾ ಮಾಡುತ್ತಿದ್ದ. ಗಿರಣಿಯ ಬೀಗ ಬಿದ್ದ ದಿನವೇ ನಿಮ್ಮ ಪುಸ್ತಕದ ಬಾಕಿಗೂ ಬೀಗ ಬಿತ್ತು. ಇನ್ನು ಅವನನ್ನು ಸ್ವಂತ ಉದ್ಯೋಗಿ ಎನ್ನುವುದಂತೂ ಕಣ್ಣಿಗೆ ಮಣ್ಣೆರಚುವ ಮಾತು. ಗಾಡಿ ಬಾಡಿಗೆಯದು, ಮಾಲು ಮಂಡಿಯವನ ಉದ್ರಿಯದು, ಬೆಳಿಗ್ಗೆ ತಂದ ಸಾಲಕ್ಕೆ ಸಂಜೆಗೇ ಬಡ್ಡಿ. ಸಂಬಳ ಎಂಬ ಹೆಸರಿಲ್ಲದ ಕೂಲಿ ಅದು. ಇದನ್ನು ಬ್ರೆಮನ್ ಮತ್ತೆ ಮತ್ತೆ ಹೇಳಿದ್ದಾನೆ. ಸಣ್ಣ ಅಂಗಡಿಯವರಲ್ಲಿ ಎಷ್ಟೋ ಜನಕ್ಕೆ ತಮ್ಮ ಮೈಮೇಲಿನ ಅನುಭವದಿಂದಲೇ ಗೊತ್ತಿದೆ.

2002ರ ಗಲಭೆಗಳ ಬಗ್ಗೆ ಆತ ಬರೆದದ್ದು ಇನ್ನೂ ಕಹಿ. ಗಿರಣಿಯಲ್ಲಿ ಹಿಂದೂ ಮುಸಲ್ಮಾನರು ಒಂದೇ ಪಾಳಿ ಮಾಡುತ್ತಿದ್ದರು, ಒಂದೇ ಸಂಘಕ್ಕೆ ವಂತಿಗೆ ಕೊಡುತ್ತಿದ್ದರು. ಗಿರಣಿ ಹೋದ ಮೇಲೆ ಜನರನ್ನು ಕೂಡಿಸುವ ಜಾಗವೇ ಹೋಯಿತು, ಗಿರಣಿ ಬಡಾವಣೆಗಳೇ ಹೊತ್ತಿ ಉರಿದವು ಎಂಬುದು ಆತನ ವಾದ. ನಾನು ಇದನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಕಾಲು ಪಾಲು ಒಪ್ಪದಿರುವುದಕ್ಕೆ ಕಾರಣ 1969. ಆ ವರ್ಷ ಗಿರಣಿಗಳೆಲ್ಲ ನಡೆಯುತ್ತಿದ್ದಾಗಲೇ ಅಹಮದಾಬಾದಿನಲ್ಲಿ ಭೀಕರ ಗಲಭೆಯಾಯಿತು. ಒಂದೇ ಸೂರಿನಡಿ ದುಡಿದ ಮಾತ್ರಕ್ಕೆ ಜನ ಒಂದಾಗುವುದಿಲ್ಲ. ಲಾಳಿಯ ಎಂಜಲಿನ ಲೆಕ್ಕ ಇಟ್ಟವರು ಇನ್ನೊಂದು ದಿನ ಧರ್ಮದ ಲೆಕ್ಕ ಇಡುವುದರಲ್ಲಿ ಆಶ್ಚರ್ಯವೇನು?

ವಿಶ್ವಬ್ಯಾಂಕು 1995ರ ತನ್ನ ವರದಿಯಲ್ಲಿ, ಮಾರುಕಟ್ಟೆಯನ್ನು ತೆರೆದುಬಿಟ್ಟರೆ ಲೋಕದ ಕಾರ್ಮಿಕರಿಗೆಲ್ಲ ಒಳ್ಳೆಯದಾಗುತ್ತದೆ, ಖಾಯಂ ಕಾಮಗಾರರ ರಕ್ಷಣೆ ಅತಿಯಾಗಿರಬಾರದು ಎಂಬ ಧಾಟಿಯಲ್ಲಿ ಉಪದೇಶಿಸಿತು. ಮೇಲಿನವನ ರಕ್ಷಣೆ ಕಿತ್ತರೆ ಕೆಳಗಿನವನು ಮೇಲೇರುವುದಿಲ್ಲ, ಇಬ್ಬರೂ ಕೆಳಗೇ ಉಳಿಯುತ್ತಾರೆ ಎಂಬುದು ಬ್ರೆಮನ್‌ನ ಉತ್ತರದ ಸಾರ. ಜಾಗತೀಕರಣವೂ ಆತನಿಗೆ ಹೊಸ ಬೆಡಗಲ್ಲ. ತನ್ನ ದೇಶದವರೇ ಸುಮಾತ್ರಾದ ತೋಟಗಳಲ್ಲಿ ಚೀನಾ, ಜಾವಾಗಳ ಕೂಲಿಗಳನ್ನು ಹೇಗೆ ಬಡಿದು ದುಡಿಸಿದರೆಂಬ 1904ರ ಸರಕಾರಿ ವರದಿಯನ್ನು, ಎಂಬತ್ತು ವರ್ಷ ಮುಚ್ಚಿಟ್ಟದ್ದನ್ನು, ಆತ ಹೊರಗೆ ತಂದ.

2011ರಲ್ಲಿ ಗೈ ಸ್ಟ್ಯಾಂಡಿಂಗ್ ಎಂಬ ಇಂಗ್ಲಿಷ್ ವಿದ್ವಾಂಸ, ಭದ್ರತೆಯಿಲ್ಲದ ಕೆಲಸಗಾರರು ಪ್ರತ್ಯೇಕವಾದ ಹೊಸ ವರ್ಗ, 'ಪ್ರಿಕೇರಿಯಟ್' ಎಂದು ಪುಸ್ತಕ ಬರೆದ. 2013ರಲ್ಲಿ ಬ್ರೆಮನ್ ಅದನ್ನು ಟೊಳ್ಳು ಕಲ್ಪನೆ ಎಂದು ಟೀಕಿಸಿದ. ಭದ್ರತೆಯಿಲ್ಲದಿರುವುದು ಯೂರೋಪಿನವರಿಗೆ ಹೊಸ ಸುದ್ದಿ ಇರಬಹುದು. ಲೋಕದ ಹೆಚ್ಚಿನ ದುಡಿಮೆಗಾರರಿಗೆ ಅದು ತಾತ ಮುತ್ತಾತರ ಆಸ್ತಿ. ಈ ವಾದದಲ್ಲಿ ನಾನು ಬ್ರೆಮನ್‌ನ ಕಡೆ. ಹೆಸರಿನ ಜಗಳ ಎಂದು ಇದನ್ನು ತಳ್ಳಿಹಾಕಬಾರದು. ಖಾಯಂ ಕಾಮಗಾರನೂ ಗುತ್ತಿಗೆಯವನೂ ಬೇರೆ ಬೇರೆ ವರ್ಗ ಎಂದಾದರೆ ಬೇರೆ ಬೇರೆ ಸಂಘ ಬೇಕು, ಬೇರೆ ಬೇರೆ ಬೇಡಿಕೆ ಬೇಕು; ಮಾಲೀಕನಿಗೂ ಅದೇ ಬೇಕು.

ಆತನ ಮೇಲೆ ನನ್ನ ದೂರೂ ಇದೆ. ಸೋಲಿನ ಲೆಕ್ಕ ಬರೆಯುವಷ್ಟು ವಿವರವಾಗಿ ಆತ ಕಟ್ಟುವ ಕೆಲಸದ ಲೆಕ್ಕ ಬರೆಯುವುದಿಲ್ಲ. ಅದೇ ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ಟರು ಬೀದಿ ವ್ಯಾಪಾರದ, ತಲೆಹೊರೆಯ, ಮನೆಗೆಲಸದ ಹೆಂಗಸರನ್ನು ಕೂಡಿಸಿ 'ಸೇವಾ' ಸಂಘ ಕಟ್ಟಿದರು. ಮಾಲೀಕನೇ ಇಲ್ಲದವರಿಗೆ ಸಂಘವೇ ಎಂದು ನಕ್ಕವರಿದ್ದರು. 1981ರಲ್ಲಿ ಮೀಸಲಾತಿ ಗಲಭೆಯ ಸಮಯದಲ್ಲಿ ದಲಿತರ ಪರ ನಿಂತಾಗ ಹೆತ್ತ ತಾಯಿಯಂತಿದ್ದ ಮಜೂರ್ ಮಹಾಜನವೇ ಅವರನ್ನು ಹೊರಹಾಕಿತು. ಆದರೂ ಅದು ಬೆಳೆಯಿತು. ಮಹಾಜನ ಕರಗಿತು.

ನಮ್ಮೂರಿನ ಮಾತಿಗೆ ಬರೋಣ. 2020ರಲ್ಲಿ ಸಂಸತ್ತು ಮಾಡಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಸರಕಾರದ ಅನುಮತಿ ಇಲ್ಲದೆ ಕಾರ್ಖಾನೆ ಮುಚ್ಚುವ ಮಿತಿಯನ್ನು 100 ಕಾಮಗಾರರಿಂದ 300ಕ್ಕೆ ಏರಿಸಲಾಯಿತು. ಸಣ್ಣ ಊರಿನ ಗಿರಣಿಗಳಲ್ಲಿ ಎಷ್ಟರಲ್ಲಿ 300 ಜನರಿದ್ದಾರೆ, ನೀವೇ ಎಣಿಸಿ. ಗುತ್ತಿಗೆಯವರನ್ನೂ ಬದಲಿಯವರನ್ನೂ ನಮ್ಮ ಗಿರಣಿ ಸಂಘಕ್ಕೆ ಸದಸ್ಯರಾಗಿ ಸೇರಿಸಬೇಕೆ ಎಂಬ ಠರಾವು ಬರುವ ಸಭೆಯ ಮುಂದಿದೆ. ಬೇಡ ಎನ್ನುವ ಖಾಯಂ ಬಂಧುಗಳು ಕೆಲವರಿದ್ದಾರೆ. ನಾವು ಇಷ್ಟು ವರ್ಷ ವಂತಿಗೆ ಕಟ್ಟಿದ್ದು ನಿನ್ನೆ ಬಂದವರಿಗಾಗಿಯೇ ಎಂಬುದು ಅವರ ಪ್ರಶ್ನೆ. ಅವರು ಸಭೆಗೆ ಬರುವ ಮುಂಚೆ ತಮ್ಮ ತಮ್ಮ ಖಾತೆಯಲ್ಲಿ ಖಾಯಂ ಎಷ್ಟು ಜನ, ಗುತ್ತಿಗೆ ಎಷ್ಟು ಜನ ಎಂದು ತಲೆ ಎಣಿಸಿಕೊಂಡು ಬರಲಿ. ಠರಾವನ್ನು ಆಮೇಲೆ ಮತಕ್ಕೆ ಹಾಕೋಣ.